ಮಾಯ್ಕೆನ್ ಕೊರೆದ ತೂತುಗಳು

ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ನಿಂತು ತೂತು ಕೊರೆದವಳ ಹೆಸರು ಎಷ್ಟು ಸಲ ಅಚ್ಚಾಗಬೇಕು, ನೀವೇ ಹೇಳಿ. ನಮ್ಮ ಓಸ್‌ಫೋರ್ಸ್ ಊರಿನ ಮಾಯ್ಕೆನ್ ಹುಲ್ಟ್‌ಗ್ರೇನಳ ಹೆಸರು ಅಚ್ಚಾದದ್ದು ಒಂದೇ ಒಂದು ಸಲ. ಅದು ಎಲ್ಲಿ, ಯಾವ ಪುಟದಲ್ಲಿ ಎಂದು ಹೇಳುವುದಕ್ಕೇ ಈ ಮಾತು ತೆಗೆದಿದ್ದೇನೆ. ಅವಳನ್ನು ಬಲ್ಲವರಿಗೆ ಇವತ್ತಿಗೂ ಅದರ ಸಿಟ್ಟು ಆರಿಲ್ಲ. ಅವಳ ಮೇಲೂ ನನಗೆ ಸಿಟ್ಟಿದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ಅವಳು ಮೊದಲಿಗೆ ನೇಕಾರಳು. ಅವಳ ತಾಯಿಯೂ ನೇಕಾರಳೇ. ಹೊಳೆದಂಡೆಯ ಕೆಂಪಿಟ್ಟಿಗೆಯ ಗಿರಣಿಯಲ್ಲಿ ತಾಯಿ ಮೂವತ್ತೆಂಟು ವರ್ಷ ನೂರಹದಿನಾಲ್ಕನೆಯ ಮಗ್ಗದ ಮುಂದೆ ನಿಂತಿದ್ದಳು. ಬಟ್ಟೆಯ ಥಾನಿನ ಅಂಚಿಗೆ ಹೊಲಿಯುವ ಚೀಟಿಯ ಮೇಲೆ ನೇಯ್ದವಳ ಹೆಸರು ಇರುತ್ತಿರಲಿಲ್ಲ, ಮಗ್ಗದ ನಂಬರು ಇರುತ್ತಿತ್ತು. ಹೆಸರು ಬರೆಯುತ್ತಿದ್ದದ್ದು ಒಂದೇ ಜಾಗದಲ್ಲಿ, ಮೇಸ್ತ್ರಿಯ ಮೇಜಿನ ಮೇಲಿದ್ದ ತಪ್ಪಿನ ಪುಸ್ತಕದಲ್ಲಿ. ಎಳೆ ತಪ್ಪಿತೋ, ಅಂಚು ಸೊಟ್ಟಗಾಯಿತೋ, ಆಗ ಪೂರ್ತಿ ಹೆಸರು, ತಾರೀಖು, ಎಲ್ಲ ದುಂಡಗಿನ ಅಕ್ಷರದಲ್ಲಿ ಬೀಳುತ್ತಿತ್ತು. ತಾಯಿ ನಿವೃತ್ತಳಾದಾಗ ಗಿರಣಿಯವರು ಒಂದು ಕಾಫಿ ಬಟ್ಟಲು ಕೊಟ್ಟರು, ಅದರ ಮೇಲೂ ಗಿರಣಿಯ ಹೆಸರೇ ಇತ್ತು.

ಮಾಯ್ಕೆನ್ ಹದಿನೈದಕ್ಕೇ ಅಲ್ಲಿಗೆ ಸೇರಿದಳು. ಚೌಕಳಿ ಮೇಜುಬಟ್ಟೆ ಅವಳ ಪಾಲಿಗೆ ಬಂತು. ಎರಡು ಪಟ್ಟೆ ಸೇರಿಸಿ ಹೊಲಿಯುವಾಗ ಗೆರೆಗೆ ಗೆರೆ ಕೂಡಬೇಕು, ಒಂದು ಎಳೆಯಷ್ಟು ಆಚೀಚೆಯಾದರೂ ತಪ್ಪಿನ ಪುಸ್ತಕ ತೆರೆಯಿತೆಂದೇ ಲೆಕ್ಕ. ಮೊದಲ ವರ್ಷ ಅವಳ ಹೆಸರು ಅದರಲ್ಲಿ ನಾಲ್ಕು ಸಲ ಬಂತು. ಆಮೇಲೆ ಹದಿನಾಲ್ಕು ವರ್ಷ ಬರಲಿಲ್ಲ. ಗೆರೆಗೆ ಗೆರೆ ಕೂಡಿಸುವುದು ಅವಳ ಬೆರಳಿಗೆ ಎಷ್ಟು ಒಗ್ಗಿತ್ತೆಂದರೆ, ಯಾರದಾದರೂ ಮನೆಗೆ ಹೋದರೆ ಮಾತಾಡುತ್ತ ಮಾತಾಡುತ್ತಲೇ ಅವರ ಮೇಜುಬಟ್ಟೆಯ ಗೆರೆಯನ್ನು ಮೇಜಿನ ಅಂಚಿಗೆ ಸರಿಪಡಿಸಿ ಬರುತ್ತಿದ್ದಳು.

ಅವಳಿಗೆ ಮೂವತ್ತಾದಾಗ ಗಿರಣಿ ಮುಚ್ಚಿತು. ಇನ್ನೂರು ಹೆಂಗಸರು ಅಂಗಳದಲ್ಲಿ ಕೈಚೀಲ ಹಿಡಿದು ನಿಂತಿದ್ದರು, ಮ್ಯಾನೇಜರು ಕಿಟಕಿಯಿಂದಲೇ ಕೈ ಬೀಸಿದ. ಮರುವರ್ಷ ಅದೇ ಕಟ್ಟಡದ ಕೆಳ ಅಂತಸ್ತಿಗೆ ಒಂದು ಪ್ರಯೋಗಾಲಯ ಬಂತು. ಗಾಜಿನ ಎಳೆ, ಇಂಗಾಲದ ಎಳೆಗಳನ್ನು ಬಟ್ಟೆಯಂತೆ ನೇಯ್ದು, ರಾಳದಲ್ಲಿ ನೆನೆಸಿ, ಒತ್ತಿ ಗಟ್ಟಿಮಾಡಿದ ಹಲಗೆಗಳು ಎಷ್ಟು ಭಾರ ತಡೆಯುತ್ತವೆ ಎಂದು ನೋಡುವ ಜಾಗ. ದೋಣಿಗೆ, ವಿಮಾನಕ್ಕೆ ಬೇಕಾಗುವ ಹಲಗೆಗಳು. ಬಟ್ಟೆ ಕತ್ತರಿಸಲು ಬಲ್ಲವರು ಬೇಕು ಎಂದು ಪತ್ರಿಕೆಯಲ್ಲಿ ಹಾಕಿದ್ದರು. ಮಾಯ್ಕೆನ್ ತನ್ನ ಕತ್ತರಿಯನ್ನೇ ತೆಗೆದುಕೊಂಡು ಹೋದಳು.

ಕೆಲಸ ಕೇಳಿದರೆ ಸುಲಭ. ಗಾಜಿನ ಬಟ್ಟೆಯ ಆರು ಪದರ ಒಂದರ ಮೇಲೊಂದು ಹಾಸಿ, ರಾಳ ಕುಡಿಸಿ ಗಟ್ಟಿಮಾಡಬೇಕು. ಅದನ್ನು ಮೂರು ಬೆರಳಗಲದ ಪಟ್ಟಿಗಳಾಗಿ ಕೊಯ್ದು, ನಟ್ಟನಡುವೆ ಒಂದು ತೂತು ಕೊರೆದು, ಎಳೆಯುವ ಯಂತ್ರಕ್ಕೆ ಕಚ್ಚಿಸಬೇಕು. ತೂತು ಯಾಕೆ ಅಂದರೆ, ಲೋಕದಲ್ಲಿ ಬೋಲ್ಟು ಹಾಕದ ವಸ್ತು ಇಲ್ಲ, ಮತ್ತು ತೂತಿಲ್ಲದೆ ಬೋಲ್ಟು ಕೂರುವುದಿಲ್ಲ. ಮುರಿದರೆ ಅಲ್ಲೇ ಮುರಿಯುವುದು. ಎಷ್ಟಕ್ಕೆ ಮುರಿಯುತ್ತದೆ ಎಂದು ಮುರಿಯುವ ಮೊದಲೇ ಹೇಳಬೇಕು, ಅದು ಟೂರ್ಕೆಲ್ ವೆಡಿನ್ ಎಂಬ ಎಂಜಿನಿಯರನ ವಿದ್ಯೆ.

ಟೂರ್ಕೆಲ್ ಸ್ಟಾಕ್‌ಹೋಮಿನಿಂದ ಬಂದವನು. ಆಗಿನ್ನೂ ಇಪ್ಪತ್ತೊಂಬತ್ತು, ನೋಡಲು ಲಕ್ಷಣವಾಗಿದ್ದ, ತನ್ನ ಬಟ್ಟಲು ತಾನೇ ತೊಳೆಯುತ್ತಿದ್ದ. ಒಳ್ಳೆಯವನು ಅನ್ನಿಸಲು ಇಷ್ಟು ಸಾಕು ನಮ್ಮೂರಲ್ಲಿ. ಒಂದು ದಿನ ಫೀಕಾ ಎನ್ನುವ ಕಾಫಿ ಬಿಡುವಿನ ಹೊತ್ತಿನಲ್ಲಿ ಕಾಫಿಯ ಪಕ್ಕದಲ್ಲಿದ್ದ ದುಂಡನೆಯ ರೈ ರೊಟ್ಟಿ ಎತ್ತಿಕೊಂಡು ಮಾಯ್ಕೆನ್‌ಗೆ ಪಾಠ ಹೇಳಿದ. ರೊಟ್ಟಿಯ ನಡುವೆ ತೂತಿದೆ, ಎರಡು ಕಡೆ ಹಿಡಿದು ಎಳೆದರೆ ಬಲವೆಲ್ಲ ತೂತಿನ ಅಂಚಿನಲ್ಲಿ ಬಂದು ಜಮಾಯಿಸುತ್ತದೆ. ಹಾಗಂತ ಅಂಚಿನಲ್ಲಿರುವ ಬಲವನ್ನೇ ನಂಬಿ ಲೆಕ್ಕ ಹಾಕಿದರೆ, ಪಟ್ಟಿ ನಿಜಕ್ಕೂ ಮುರಿಯುವುದಕ್ಕಿಂತ ಬಹಳ ಮೊದಲೇ ಮುರಿಯುತ್ತದೆ ಎಂದು ಉತ್ತರ ಬರುತ್ತದೆ. ಅಂಚಿನಿಂದ ಕೂದಲೆಳೆಯಷ್ಟು ಒಳಗೆ ಹೋಗಿ ಅಲ್ಲಿಯ ಬಲ ನೋಡಬೇಕು. ಆ ಒಂದು ಸಣ್ಣ ದೂರ ಸಿಕ್ಕಿಬಿಟ್ಟರೆ ಯಾವ ತೂತಿಗೂ ಉತ್ತರ ಹೇಳಬಹುದು. ಆ ದೂರವೇನು ಆಕಾಶದಿಂದ ಬೀಳುವುದಿಲ್ಲ, ನೂರಾರು ಪಟ್ಟಿ ಮುರಿದೇ ಕಂಡುಹಿಡಿಯಬೇಕು.

ಆ ನೂರಾರು ಪಟ್ಟಿ ತಯಾರಿಸಿದವಳು ಮಾಯ್ಕೆನ್.

ಯಂತ್ರ ನಡೆಸುತ್ತಿದ್ದವನು ಇಂಗ್ವೆ. ಬಾಯಿಗೆ ಬೀಗವಿಲ್ಲದ, ಸದಾ ಹೊಗೆಸೊಪ್ಪಿನ ಪೊಟ್ಟಣ ತುಟಿಯಡಿ ಇಟ್ಟುಕೊಂಡಿರುತ್ತಿದ್ದ ಮನುಷ್ಯ. ಪಂದ್ಯ ಶುರುಮಾಡಿದ್ದು ಅವನೇ. ಪ್ರತಿ ಹಲಗೆಯ ಮೊದಲ ಪಟ್ಟಿ ಯಂತ್ರಕ್ಕೆ ಹೋಗುವ ಮೊದಲು ಮೂವರೂ ಒಂದೊಂದು ಚೀಟಿಯಲ್ಲಿ ಎಷ್ಟಕ್ಕೆ ಮುರಿಯುತ್ತದೆ ಎಂದು ಬರೆದು, ಸಹಿ ಹಾಕಿ, ಖಾಲಿ ಕಾಫಿ ಡಬ್ಬಿಗೆ ಹಾಕಬೇಕು. ಮುರಿದ ಮೇಲೆ ಇಂಗ್ವೆ ಪ್ರತಿ ಚೀಟಿಯ ಹಿಂದೆ ನಿಜವಾದ ಅಂಕಿ ಬರೆಯುತ್ತಿದ್ದ. ವಾರದಲ್ಲಿ ಎಲ್ಲರಿಗಿಂತ ದೂರ ಹೋದವರು ಶುಕ್ರವಾರ ಕೇಕು ತರಬೇಕು. ಹನ್ನೊಂದು ವರ್ಷದಲ್ಲಿ ಮಾಯ್ಕೆನ್ ಕೇಕು ತಂದದ್ದು ಮೂರು ಸಲ, ಅದರಲ್ಲೂ ಒಂದು ಸಲ ಅವಳ ಹುಟ್ಟುಹಬ್ಬ. ಲೆಕ್ಕದ ಹಾಳೆ ತುಂಬ ಗೀಚಿಕೊಂಡು ಬರುತ್ತಿದ್ದ ಟೂರ್ಕೆಲ್ ಸೋಲುತ್ತಿದ್ದ, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದವಳು ಗೆಲ್ಲುತ್ತಿದ್ದಳು.

"ನಿನ್ನ ಕಣ್ಣಲ್ಲಿ ಯಂತ್ರ ಗಿಂತ್ರ ಇಟ್ಕೊಂಡಿದೀಯೇನೇ?" ಎಂದು ಇಂಗ್ವೆ ರೇಗಿಸುತ್ತಿದ್ದ. ಮಾಯ್ಕೆನ್ ಕೇಕಿಗೆ ತಟ್ಟೆ ಮುಂದಕ್ಕೆ ಚಾಚುತ್ತಿದ್ದಳು.

ಯಾರೂ ಕೇಳದ, ಯಾರೂ ಹೇಳದ ಒಂದು ಸಂಗತಿ ಅವಳ ಕೈಯಲ್ಲಿತ್ತು. ಆ ಗಾಜಿನ ಬಟ್ಟೆಯ ಎಳೆ ದಪ್ಪ, ಕಡ್ಡಿಯಗಲ. ಹಾಸು ಹೊಕ್ಕು ಎರಡೂ ಬರಿಗಣ್ಣಿಗೆ ಕಾಣುತ್ತವೆ. ಆರು ಪದರ ಹಾಸುವಾಗ ಅವಳು ಎಳೆಯ ಮೇಲೆ ಎಳೆ ಕೂರಿಸುತ್ತಿದ್ದಳು, ಆರೂ ಪದರ ಒಂದೇ ಬಟ್ಟೆಯೇನೋ ಅನ್ನುವ ಹಾಗೆ. ತೂತು ಕೊರೆಯುವಾಗ ಒಂದೇ ಎಳೆಯ ನಟ್ಟನಡುವೆ ಮೊನೆ ಇಡುತ್ತಿದ್ದಳು. ತೂತಿಗೂ ಎಳೆಗೂ ಅಗಲ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಒಂದು ಎಳೆ ಪೂರಾ ಹೋಗುತ್ತಿತ್ತು, ಅಕ್ಕಪಕ್ಕದವು ಗಾಯವಾಗದೆ ಉಳಿಯುತ್ತಿದ್ದವು. ಎರಡು ಎಳೆಗಳ ಸಂದಿಯಲ್ಲಿ ಕೊರೆದರೆ ಹಾಗಲ್ಲ, ಎರಡೂ ಅರ್ಧರ್ಧ ಸೀಳುತ್ತವೆ, ಆ ಅರೆಜೀವದ ಎಳೆಗಳು ಭಾರ ಬಿದ್ದಾಗ ಪಕ್ಕದವನ್ನೂ ಎಳೆದುಕೊಂಡು ಹೋಗುತ್ತವೆ. ಮಗ್ಗದ ಮುಂದೆ ನಿಂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಟ್ಟಿ ಚೆನ್ನಾಗಿ ಬರಬೇಕು ಅನ್ನುವುದಷ್ಟೇ ಅವಳ ತಲೆಯಲ್ಲಿತ್ತು. ಸೊಟ್ಟಗೆ ಕೂತ ಎಳೆ ಕಂಡರೆ ಇಂದಿಗೂ ತಪ್ಪಿನ ಪುಸ್ತಕ ತೆರೆಯುವ ಸದ್ದು ಕೇಳುತ್ತದೆ ಎಂದು ಒಮ್ಮೆ ನನಗೇ ಹೇಳಿದ್ದಳು.

ಇಂಗ್ವೆ ಒಂದು ಸಲ ಇದನ್ನು ಗಮನಿಸಿದ. "ದೋಣಿ ಕಟ್ಟೋರು ಹಿಂಗೆಲ್ಲ ಎಳೆ ಎಣಿಸ್ಕೊಂಡು ಕೂರ್ತಾರೇನೇ? ಕುಂಚ ಅದ್ದಿ ಬಳಿದು ಊಟಕ್ಕೆ ಹೋಗ್ತಾರೆ."

"ಅವ್ರು ಹೊಲಸಾಗಿ ಮಾಡ್ತಾರೆ ಅಂತ ನಾನೂ ಹೊಲಸು ಮಾಡ್ಲಾ?" ಅಂದಳು ಮಾಯ್ಕೆನ್.

ಹೀಗೆ ಟೂರ್ಕೆಲನ ಅಂಕಿಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಬಂದವು. ಬೇರೆ ದೇಶದ ಪ್ರಯೋಗಾಲಯಗಳಲ್ಲಿ ಒಂದು ಪಟ್ಟಿ ಹೀಗೆ, ಇನ್ನೊಂದು ಹಾಗೆ. ಇವನದು ಕಿಲೋನ್ಯೂಟನ್ ಲೆಕ್ಕದಲ್ಲಿ ಇಪ್ಪತ್ತೇಳು, ಇಪ್ಪತ್ತೇಳೂಕಾಲು, ಇಪ್ಪತ್ತಾರೂಮುಕ್ಕಾಲು, ಸಾಲಾಗಿ ಸಿಪಾಯಿಗಳು. ಸಭೆಗಳಲ್ಲಿ ಜನ ಎದ್ದು ನಿಂತು ಹೇಗಪ್ಪಾ ಇದು ಎಂದು ಕೇಳಿದರಂತೆ. ಅವನು ಹಿಗ್ಗಿದ. ಯಾಕೆ ಹೀಗೆ ಬರುತ್ತಿದೆ ಎಂದು ಕೆಳಗಿಳಿದು ಬಂದು ತೂತು ಕೊರೆಯುವವಳನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳು. ಅವಳು ಮುಚ್ಚಿಡುವ ಜಾತಿಯಲ್ಲ, ಆಗಿನ್ನೂ ಅಲ್ಲ.

ಕೇಳುವ ಬದಲು ಅವನು ಮಾತು ಕೊಟ್ಟ. ಈ ಎಲ್ಲವನ್ನೂ ಸೇರಿಸಿ ವಿಜ್ಞಾನ ಪತ್ರಿಕೆಗೆ ದೊಡ್ಡದೊಂದು ಲೇಖನ ಬರೆಯುತ್ತೇನೆ, ತಲೆಬರಹದ ಕೆಳಗೆ ನನ್ನ ಹೆಸರಿನ ಪಕ್ಕದಲ್ಲೇ ನಿನ್ನ ಹೆಸರು ಇರುತ್ತದೆ ಅಂದ. ಮಾಯ್ಕೆನ್ ಆ ದಿನ ಸೈಕಲ್ ಹತ್ತಿ ನೇರ ವೃದ್ಧಾಶ್ರಮಕ್ಕೆ ಹೋಗಿ ತಾಯಿಗೆ ಸುದ್ದಿ ಹೇಳಿದಳು. ತಾಯಿಗೆ ಆಗ ಎಂಬತ್ತೊಂದು.

"ಹೆಸರೇ ಹಾಕ್ತಾರಾ? ನಂಬರಲ್ಲ ತಾನೆ?"

"ಹೆಸರೇ ಅಮ್ಮ. ಪೂರ್ತಿ ಹೆಸರು."

ಮುದುಕಿ ಊಟದ ಮನೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು. ಪಕ್ಕದ ಕೋಣೆಯವಳು ದಿನಾ ಬೆಳಗ್ಗೆ ಬಂತೇನೇ ಪುಸ್ತಕ ಎಂದು ಕೇಳತೊಡಗಿದಳಂತೆ. ಇಷ್ಟು ಸಣ್ಣ ಆಸೆ. ಅದಕ್ಕಾಗಿ ಮಾಯ್ಕೆನ್ ಏನು ತೆತ್ತಳು ಎನ್ನುವುದು ಮುಂದಿನ ಮಾತು.

ಲೇಖನ ಕಳಿಸಲು ತಿಂಗಳಿದೆ ಅನ್ನುವಾಗ ಪಶ್ಚಿಮ ಕರಾವಳಿಯ ಒಂದು ದೋಣಿ ಕಾರ್ಖಾನೆಯವರು ತಾವೇ ಮಾಡಿದ ಹಲಗೆಯೊಂದನ್ನು ಪರೀಕ್ಷೆಗೆ ಕಳಿಸಿದರು. ಅದೇ ಬಟ್ಟೆ, ಅದೇ ರಾಳ, ಅದೇ ಆರು ಪದರ. ತೂತು ಎಲ್ಲೆಲ್ಲಿ ಬರಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಮಾಯ್ಕೆನ್ ಹಲಗೆಯನ್ನು ಬೆಳಕಿಗೆ ಹಿಡಿದಳು. ಪದರಗಳು ಹೇಗೆ ಬಿದ್ದಿದ್ದವೋ ಹಾಗೇ ಕೂತಿದ್ದವು. ಪೆನ್ಸಿಲಿನ ಗುರುತು ಕೆಲವು ಎಳೆಯ ಮೇಲೆ, ಹೆಚ್ಚಿನವು ಸಂದಿಯಲ್ಲಿ. ಗುರುತು ಬೇರೆಯವರದು, ಅದನ್ನು ಜರುಗಿಸುವ ಹಕ್ಕು ತನಗಿಲ್ಲ ಎಂದು ಅಲ್ಲೇ ಕೊರೆದಳು. ಅವಳ ಮೂವತ್ತು ವರ್ಷದಲ್ಲಿ ಕಣ್ಣು ಮುಚ್ಚಿ ಕೊರೆದ ತೂತುಗಳು ಅವೇ ನಾಲ್ಕು.

ಚೀಟಿ ಬಿದ್ದವು. ಟೂರ್ಕೆಲ್ ಇಪ್ಪತ್ತಾರೂವರೆ ಎಂದು ಬರೆದ. ಇಂಗ್ವೆ ಇಪ್ಪತ್ತಾರು. ಮಾಯ್ಕೆನ್ ಇಪ್ಪತ್ತೆರಡು ಎಂದು ಬರೆದಾಗ ಇಂಗ್ವೆ ನಕ್ಕು, ಈ ಸಲ ಕೇಕು ನಿನ್ನದೇ ಕಣಮ್ಮ, ಬಾದಾಮಿ ಜಾಸ್ತಿ ಹಾಕಿಸು ಅಂದ. ಯಂತ್ರ ಎಳೆಯಿತು. ಟಪ್ ಎಂದು ಸದ್ದಾದಾಗ ಮುಳ್ಳು ಇಪ್ಪತ್ತೊಂದೂ ಮುಕ್ಕಾಲಿನ ಮೇಲಿತ್ತು. ಇನ್ನೊಂದು ಹಾಕಿದರು, ಇಪ್ಪತ್ತೆರಡೂಕಾಲು. ಮೂರನೆಯದು ಇಪ್ಪತ್ತೊಂದು, ನಾಲ್ಕನೆಯದು ಇಪ್ಪತ್ತೆರಡು. ಇಂಗ್ವೆ ನಗುವುದನ್ನು ನಿಲ್ಲಿಸಿ ಚೀಟಿಗಳ ಹಿಂದೆ ಅಂಕಿ ಬರೆದ.

ಅವತ್ತು ಮಾಯ್ಕೆನ್ ಬಾಯಿಬಿಟ್ಟು ಹೇಳಿದಳು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಅದು ಯಾರಿಗೂ ನೆನಪಿರಲಿಲ್ಲ. ಮುರಿದ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ, ಎಲ್ಲಿ ಎಳೆ ಅರ್ಧ ಸೀಳಿದೆ ಎಂದು ಬೆರಳಿಟ್ಟು ತೋರಿಸಿ, ಹತ್ತು ವರ್ಷದಿಂದ ತಾನು ಎಲ್ಲಿ ಕೊರೆಯುತ್ತ ಬಂದಿದ್ದೇನೆ ಎನ್ನುವುದನ್ನು ಅವನಿಗೆ ಬಿಡಿಸಿ ಹೇಳಿದಳು. ನಿನ್ನ ಆ ಸಣ್ಣ ದೂರ ನನ್ನ ಕೈಯಿಂದ ಬಂದದ್ದು, ಬೇರೆಯವರ ಕೈಗೆ ಅದು ಹೊಂದುವುದಿಲ್ಲ ಅಂದಳು.

ಟೂರ್ಕೆಲ್ ಬಹಳ ಹೊತ್ತು ತುಂಡುಗಳನ್ನು ನೋಡಿದ. ಅವನು ಪೆದ್ದನಲ್ಲ, ಅವನಿಗೆ ಪೂರ್ತಿ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು ಎಂದು ಮಾಯ್ಕೆನ್ ಹೇಳುತ್ತಿದ್ದಳು.

"ಇವು ಕೆಟ್ಟ ಪಟ್ಟಿ ಮಾಯ್ಕೆನ್. ಕಾರ್ಖಾನೆಯವರು ಸರಿಯಾಗಿ ಮಾಡಿಲ್ಲ. ಕೆಟ್ಟ ಪಟ್ಟಿ ಲೆಕ್ಕಕ್ಕೆ ತಗೊಳ್ಳಲ್ಲ ಅಂತ ನಿಂಗೂ ಗೊತ್ತು."

"ದೋಣಿ ಮಾಡೋರು ಅವ್ರೇ ಅಲ್ವಾ?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಎಲ್ಲಾ ಮತ್ತೆ ಮೊದಲಿಂದ ಮಾಡಬೇಕು ಅಂದ್ರೆ ಎರಡು ವರ್ಷ ಹಿಡಿಯುತ್ತೆ. ಲೇಖನ ನಿಂತೋಗುತ್ತೆ. ನಿನ್ನ ಹೆಸರೂ ನಿಂತೋಗುತ್ತೆ. ನಿನ್ನಮ್ಮನಿಗೆ ಈಗ ಎಷ್ಟು ವರ್ಷ?"

ತುಂಡುಗಳನ್ನು ಬಾಚಿ ಕಸದ ಡಬ್ಬಿಗೆ ಹಾಕಿದವಳು ಮಾಯ್ಕೆನ್ನೇ. ಪಂದ್ಯ ಪಂದ್ಯವೇ ಎಂದು ಟೂರ್ಕೆಲ್ ಆ ಶುಕ್ರವಾರ ಕೇಕು ತಂದ.

ಲೇಖನ ವಸಂತದಲ್ಲಿ ಬಂತು. ಅವಳು ತನ್ನ ಖರ್ಚಿನಲ್ಲೇ ಐದು ಪ್ರತಿ ತರಿಸಿಕೊಂಡಳು. ತಲೆಬರಹದ ಕೆಳಗೆ ಎರಡು ಹೆಸರಿದ್ದವು, ಒಂದು ಟೂರ್ಕೆಲನದು, ಇನ್ನೊಂದು ನಮ್ಮೂರ ಪ್ರಯೋಗಾಲಯದ ಹೊಸಿಲು ಒಂದು ದಿನವೂ ತುಳಿಯದ ಸ್ಟಾಕ್‌ಹೋಮಿನ ಒಬ್ಬ ಪ್ರಾಧ್ಯಾಪಕನದು. ಕಡೆಯ ಪುಟದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಪ್ರಯೋಗಾಲಯದ ಸಿಬ್ಬಂದಿಗೆ ವಂದನೆ ಎಂದಿತ್ತು. ಟೂರ್ಕೆಲ್ ಕೆಂಪಾಗಿ, ಪತ್ರಿಕೆಯವರ ನಿಯಮ ಹಾಗಿದೆ, ನಾನು ತುಂಬಾ ಹೇಳಿ ನೋಡಿದೆ, ಮುಂದಿನದರಲ್ಲಿ ಖಂಡಿತ ಅಂದ. ಮುಂದಿನದು ಯಾವುದು, ಯಾವಾಗ ಎಂದು ಅವಳು ಕೇಳಲಿಲ್ಲ.

ಅಮ್ಮನ ಹತ್ತಿರ ಬರಿಗೈಯಲ್ಲಿ ಹೋಗುವುದು ಹೇಗೆ? ಪುಸ್ತಕ ತೆಗೆದುಕೊಂಡು ಹೋದಳು. ಮುದುಕಿ ಕನ್ನಡಕ ಏರಿಸಿ ಮೊದಲ ಪುಟದಿಂದ ಹುಡುಕಿದಳು, ಹೆಸರು ಸಿಗಲಿಲ್ಲ. ಎಲ್ಲಿದೆಯೇ ಎಂದು ಕೇಳಿದಳು. ಮಾಯ್ಕೆನ್ ಕಡೆಯ ಪುಟ ತಿರುವಿ "ಸಿಬ್ಬಂದಿ" ಎನ್ನುವ ಮಾತಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಅಮ್ಮ. ಇದೇ ನಾನು."

ಮುದುಕಿ ಆ ಮಾತನ್ನು ಎರಡು ಸಲ ಓದಿ, ಪುಸ್ತಕ ಮಡಿಚಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಮೂವತ್ತೆಂಟು ವರ್ಷ ನಂಬರಾಗಿ ಬದುಕಿದವಳಿಗೆ ಅದು ತಿಳಿಯದೆ ಇರುತ್ತದೆಯೇ? ಆ ಶರತ್ಕಾಲದಲ್ಲಿ ತೀರಿಕೊಂಡಳು. ಪಕ್ಕದ ಕೋಣೆಯವಳಿಗೆ ಆ ಪುಟವನ್ನು ಅವಳು ತೋರಿಸಲೇ ಇಲ್ಲವಂತೆ.

ಇನ್ನಾದರೂ ಮಾಯ್ಕೆನ್ ಬಾಯಿ ಬಿಡಬಹುದಿತ್ತು. ಹೆಸರೂ ಇಲ್ಲ, ಹೆಸರು ಕಾಯುವ ಅಮ್ಮನೂ ಇಲ್ಲ, ಇನ್ನು ಯಾರ ಮುಲಾಜು? ಒಂದು ಕಾಗದ ಬರೆದು ದೋಣಿ ಕಾರ್ಖಾನೆಯವರಿಗೆ ಅಂಚೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ಯಾಕೆ ಎಂದು ನಾನು ಅವಳನ್ನು ಮುಖಾಮುಖಿ ಕೇಳಿದ್ದೇನೆ. ಒಬ್ಬ ಕೂಲಿ ಹೆಂಗಸಿನ ಕಾಗದ ಯಾರು ಓದುತ್ತಾರೆ ಅಂದಳು. ಅದು ನಿಜವಿರಬಹುದು. ನೆಪವೂ ಇರಬಹುದು.

ಆ ಸಣ್ಣ ದೂರಕ್ಕೆ ಟೂರ್ಕೆಲನ ಹೆಸರೇ ಅಂಟಿಕೊಂಡಿತು. ಅವನು ಪ್ರಾಧ್ಯಾಪಕನಾಗಿ ರಾಜಧಾನಿಗೆ ಹೋದ. ಅವನ ಅಂಕಿ ದೋಣಿ ಕಟ್ಟುವವರ ಕೈಪಿಡಿಗೆ ಸೇರಿತು. ಮುಂಚೆ ಹೆದರಿಕೆಗೆ ಬೋಲ್ಟಿನ ಸುತ್ತ ನಾಲ್ಕು ಪದರ ಹೆಚ್ಚಿಗೆ ಹಾಕುತ್ತಿದ್ದವರು, ಇಷ್ಟು ಖಚಿತವಾಗಿ ಹೇಳುವ ಲೆಕ್ಕ ಇರುವಾಗ ಯಾಕೆ ಭಾರ ಹೊರಬೇಕು ಎಂದು ಎರಡು ಪದರ ತೆಗೆದುಹಾಕಿದರು. ಇತ್ತ ಮಾಯ್ಕೆನ್ ಇನ್ನೂ ಹತ್ತೊಂಬತ್ತು ವರ್ಷ ಬೇರೆ ಬೇರೆ ಎಂಜಿನಿಯರುಗಳಿಗೆ ತೂತು ಕೊರೆದಳು, ಅದೇ ಎಳೆಯ ನಡುವೆ. ಸೊಟ್ಟಗೆ ಕೊರೆಯಲು ಬೆರಳು ಒಪ್ಪುತ್ತಿರಲಿಲ್ಲ ಅನ್ನುತ್ತಾಳೆ. ಅವಳು ನಿವೃತ್ತಳಾಗುವ ಎರಡು ವರ್ಷ ಮೊದಲು ಇಂಗ್ವೆ ಹೃದಯಾಘಾತದಿಂದ ಸತ್ತ. ಕೊನೆಯ ದಿನ ಪ್ರಯೋಗಾಲಯದವರು ಹೂದಾನಿ ಕೊಟ್ಟರು. ಅವಳು ಕಪಾಟಿನ ಮೇಲಿದ್ದ ಕಾಫಿ ಡಬ್ಬಿಯನ್ನೂ ಕೇಳಿ ಮನೆಗೆ ತಂದುಕೊಂಡಳು.

ಅದೇ ಬೇಸಿಗೆಯಲ್ಲಿ ಪಶ್ಚಿಮ ಕರಾವಳಿಯ ಒಂದು ಹಾಯಿದೋಣಿ ಶಾಲೆಯಲ್ಲಿ ಅವಘಡವಾಯಿತು. ಗಾಳಿ ಜೋರೇನೂ ಇರಲಿಲ್ಲ. ಪಟಸ್ತಂಭವನ್ನು ಬಿಗಿಹಿಡಿಯುವ ತಂತಿ ದೋಣಿಯ ಪಕ್ಕಕ್ಕೆ ಒಂದು ಬೋಲ್ಟಿನಿಂದ ಕಚ್ಚಿಕೊಂಡಿರುತ್ತದೆ. ಆ ಬೋಲ್ಟಿನ ತೂತಿನಿಂದ ಹಲಗೆ ಅಡ್ಡಡ್ಡ ಹರಿದು, ಕಂಬ ಕೆಳಗೆ ಬಿತ್ತು. ಹಾಯಿ ಕಲಿಸುತ್ತಿದ್ದ ಟೂವ ಎಂಬ ಇಪ್ಪತ್ತನಾಲ್ಕರ ಹುಡುಗಿಯ ಹೆಗಲು ಅದರ ಕೆಳಗೆ ಸಿಕ್ಕಿತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಕೈ ಇದೆ, ಜೋತಾಡುತ್ತದೆ, ಕೆಲಸ ಮಾಡುವುದಿಲ್ಲ.

ತನಿಖೆಯವರು ಮೊದಲು ಕೈಪಿಡಿ ಬರೆದವರ ಹತ್ತಿರ, ಅಲ್ಲಿಂದ ಟೂರ್ಕೆಲನ ಹತ್ತಿರ ಹೋದರು. ಪಟ್ಟಿ ತಯಾರಿಸುವುದು ತಂತ್ರಜ್ಞರ ಕೆಲಸ, ಅವರು ಕೊಟ್ಟ ಅಂಕಿ ನಾನು ನಂಬಿದೆ ಎಂದು ಅವನು ಹೇಳಿದ. ಹಾಗೆ ಮಾಯ್ಕೆನ್‌ಗೆ ಕರೆ ಬಂತು. ಅವಳು ಇದ್ದಬದ್ದದ್ದನ್ನೆಲ್ಲ ಹೇಳಿದಳು, ತನ್ನನ್ನು ಉಳಿಸಿಕೊಳ್ಳುವ ಹಾಗೆ ಮಾತಾಡಲು ಅವಳಿಗೆ ಬರುವುದಿಲ್ಲ. ಡಬ್ಬಿಯಿಂದ ಆ ದಿನದ ಮೂರೂ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಟೂರ್ಕೆಲನ ಅಕ್ಷರದಲ್ಲಿ ಇಪ್ಪತ್ತಾರೂವರೆ, ಅವನ ಸಹಿ, ಅದರ ಹಿಂದೆ ಇಂಗ್ವೆ ಬರೆದ ಇಪ್ಪತ್ತೊಂದೂ ಮುಕ್ಕಾಲು. ತನಿಖೆಯವನು ನೋಡಿ, ಸೌಜನ್ಯದಿಂದಲೇ, ಕಾಫಿ ಹೊತ್ತಿನ ಆಟವನ್ನು ದಾಖಲೆ ಎಂದು ಸೇರಿಸಲು ಬರುವುದಿಲ್ಲ ಎಂದು ಹಿಂದಕ್ಕೆ ಕೊಟ್ಟ.

ವರದಿ ಮರುವರ್ಷ ಬಂತು. ಪ್ರಾಧ್ಯಾಪಕರ ಲೆಕ್ಕ ತನ್ನಷ್ಟಕ್ಕೆ ಸರಿಯಾಗಿದೆ ಎಂದು ಅದರಲ್ಲಿತ್ತು. ಅರವತ್ತೊಂದನೆಯ ಪುಟದಲ್ಲಿ, ತಂತ್ರಜ್ಞೆ ಮಾಯ್ಕೆನ್ ಹುಲ್ಟ್‌ಗ್ರೇನ್ ಯಾರ ಸೂಚನೆಯೂ ಇಲ್ಲದೆ ತನ್ನಿಷ್ಟದಂತೆ ಪದರಗಳನ್ನು ಕೂಡಿಸಿ, ಜಾಗ ಆರಿಸಿ ಕೊರೆದಿದ್ದಾರೆ, ಇದರಿಂದ ಬಲ ಹೇಗೆ ಬದಲಾಗುತ್ತದೆ ಎನ್ನುವುದು ಅವರ ಹೇಳಿಕೆಯ ಪ್ರಕಾರವೇ ಅವರಿಗೆ ತಿಳಿದಿತ್ತು, ಅವರು ಬರಹದಲ್ಲಿ ಯಾರಿಗೂ ತಿಳಿಸಿಲ್ಲ ಎಂದಿತ್ತು. ದೊಡ್ಡ ಅಕ್ಷರ, ಪೂರ್ತಿ ಹೆಸರು. ಮೂವತ್ತು ವರ್ಷ ಕಾದ ಅಚ್ಚು ಇದೇ. ಅವಳು ಆ ಸಾಲನ್ನು ನನಗೆ ಓದಿ ಹೇಳಿ, ಗಿರಣಿಯ ತಪ್ಪಿನ ಪುಸ್ತಕ ಮುಚ್ಚಿದೆ ಅಂದುಕೊಂಡಿದ್ದೆ ಅಂದಳು. ಅಂಗಡಿಯಲ್ಲಿ ಜನ ಅವಳ ಹಿಂದೆ ಸಾಲು ನಿಲ್ಲದೆ ಪಕ್ಕದ ಸಾಲಿಗೆ ಸರಿಯತೊಡಗಿದರು. ನಮ್ಮೂರಿನವರು ಬಾಯಲ್ಲಿ ಏನೂ ಅನ್ನುವುದಿಲ್ಲ, ಸರಿದು ನಿಲ್ಲುತ್ತಾರೆ, ಥೂ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಾಯ್ಕೆನ್ ಅಡುಗೆಮನೆಯಲ್ಲಿ ಕೂತು ಕಾಡಿನಿಂದ ತಂದ ಲಿಂಗಾನ್ ಹಣ್ಣಿನಿಂದ ಎಲೆ ಕಡ್ಡಿ ಆರಿಸುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಒಬ್ಬ ಹುಡುಗಿ, ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ, ಎಡಗೈಯಲ್ಲಿ ಆ ವರದಿ. ಹೆಸರು ಹೇಳುವ ಮೊದಲೇ ಯಾರೆಂದು ತಿಳಿಯಿತು.

"ಮಾಯ್ಕೆನ್ ಹುಲ್ಟ್‌ಗ್ರೇನ್ ನೀನೇನಾ?"

"ನಾನೇ."

"ಮುಖ ನೋಡ್ಬೇಕು ಅನ್ನಿಸ್ತು. ಅದಕ್ಕೇ ಬಂದೆ."

ಮಾಯ್ಕೆನ್ ಅವಳನ್ನು ಒಳಗೆ ಕೂರಿಸಿ ಕಾಫಿಗೆ ಇಟ್ಟಳು. ಮೇಜುಬಟ್ಟೆಯ ಗೆರೆ ಅಂಚಿಗೆ ಕೂಡಿದೆಯೇ ಎಂದು ಒಮ್ಮೆ ನೋಡಿದಳು. ಹುಡುಗಿ ಸುತ್ತಿ ಬಳಸಿ ಮಾತಾಡಲಿಲ್ಲ. ವರದಿಯಲ್ಲಿ ಬರೆದದ್ದು ನಿಜವೇ, ಗೊತ್ತಿದ್ದೂ ನೀನು ಯಾರಿಗೂ ಹೇಳಲಿಲ್ಲವೇ ಎಂದು ಕೇಳಿದಳು. ಹೇಳಿದೆ ಎಂದು ಮಾಯ್ಕೆನ್ ಡಬ್ಬಿ ತಂದಳು. ಮಗ್ಗದಿಂದ ಹಿಡಿದು ಆ ನಾಲ್ಕು ಪಟ್ಟಿಯವರೆಗೆ ಎಲ್ಲವನ್ನೂ ಹೇಳಿದಳು, ಸಿಬ್ಬಂದಿ ಎಂಬ ಮಾತಿನ ಮೇಲೆ ಬೆರಳಿಟ್ಟದ್ದನ್ನೂ ಬಿಡಲಿಲ್ಲ. ಟೂವ ಟೂರ್ಕೆಲನ ಚೀಟಿಯನ್ನು ಎಡಗೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳ ಮುಖ ಮೊದಲ ಸಲ ಸಡಿಲವಾಯಿತು. ಹಾಗಾದರೆ ಅವನಿಗೆ ಗೊತ್ತಿತ್ತು ಅಂದಳು.

"ಗೊತ್ತಿತ್ತು. ಸೋತು ಕೇಕು ತಂದವನೇ ಅವನು."

ಇಲ್ಲಿಗೆ ನಿಲ್ಲಿಸಬಹುದಿತ್ತು. ಹುಡುಗಿಯ ಸಿಟ್ಟು ಇವಳನ್ನು ಬಿಟ್ಟು ಇನ್ನೊಬ್ಬನ ಕಡೆ ತಿರುಗುತ್ತಿತ್ತು. ಲೋಕದಲ್ಲಿ ಒಂದು ಜೀವವಾದರೂ ಮಾಯ್ಕೆನ್‌ಳ ಪರ ಎದ್ದುಹೋಗುತ್ತಿತ್ತು.

"ಎಂಥಾ ಕೇಕು?" ಎಂದು ಕೇಳಿದಳು ಟೂವ. ಯಾಕೆ ಕೇಳಿದಳೋ, ಬಹುಶಃ ಅವಳಿಗೂ ಗೊತ್ತಿರಲಿಲ್ಲ.

"ರಾಜಕುಮಾರಿ ಕೇಕು. ಹಸಿರುದು, ಮೇಲೆ ಗುಲಾಬಿ ಹೂವಿರುತ್ತಲ್ಲ. ಗುಲಾಬಿ ಇದ್ದ ತುಂಡು ನಂಗೇ ಕೊಟ್ಟ."

"ನೀನು ತಿಂದ್ಯಾ?"

ಮಾಯ್ಕೆನ್ ಹಣ್ಣಿನ ಬುಟ್ಟಿಯ ಕಡೆ ನೋಡಿದಳು. ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಟೂರ್ಕೆಲ್ ಕೇಳಿರಲಿಲ್ಲ, ತನಿಖೆಯವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಎರಡು ತುಂಡು ತಿಂದೆ," ಅಂದಳು. "ಹೆಸರು ಬರುತ್ತೆ ಅಂತ ಖುಷಿಯಾಗಿತ್ತು."

ಟೂವ ಚೀಟಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಮುಚ್ಚಳ ಬಿಗಿ, ಒಂದು ಕೈಯಲ್ಲಿ ಕೂರಲಿಲ್ಲ, ಎರಡು ಸಲ ಜಾರಿ ಮೇಜಿನ ಮೇಲೆ ಬಿತ್ತು. ಮಾಯ್ಕೆನ್ ತಾನು ಹಾಕಿಕೊಡುತ್ತೇನೆಂದು ಕೈ ಚಾಚಿದಳು. ಹುಡುಗಿ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದು, ಗದ್ದದಿಂದ ಮುಚ್ಚಳ ಅದುಮಿ ಹಾಕಿಕೊಂಡು, ಅದನ್ನು ತನ್ನ ಜೊತೆಗೇ ತೆಗೆದುಕೊಂಡು ಎದ್ದುಹೋದಳು. ಕಾಫಿ ಬಟ್ಟಲು ಮುಟ್ಟದೆ ಹಾಗೇ ಇತ್ತು.